ಷಡ್ಡಕನ ಬಿಸ್ಕತ್ತು

ಮಾರ್ಚ್ 3, ಸೋಮವಾರ

ಎಂಟು ಹಲ್ಲಿನ ಕ್ಯಾಪ್ ಮುಗಿದವು. ಏಳು ಪಿಂಗಾಣಿ, ಒಂದು ಚಿನ್ನ — ಯಾರೋ ಮುದುಕರ ದವಡೆಗೆ. ಲ್ಯಾಬಿನ ಟಿವಿಯಲ್ಲಿ ಹೊಸ ಅಧ್ಯಕ್ಷರ ಪ್ರಮಾಣವಚನ. ಕೈಯಲ್ಲಿ ಅಚ್ಚು ಹಿಡಿದುಕೊಂಡೇ ನೋಡಿದೆ. ನಾನು ಓಟು ಹಾಕಿದ ಮನುಷ್ಯ! ಇನ್ನು ದೇಶ ಒಂದು ಹದಕ್ಕೆ ಬರುತ್ತದೆ. ಚಿನ್ನದ ರೇಟು ನೆಲಕ್ಕಿಳಿಯುತ್ತದೆ. ಹೆದರಿದವರು ತಾನೇ ಚಿನ್ನ ಕೊಳ್ಳುವುದು?

ಸಂಜೆ ಷಡ್ಡಕನ ಫೋನ್. ಹೆಂಡತಿಯ ಅಕ್ಕನ ಗಂಡ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಲೋಕದ ಸ್ಟೇರಿಂಗೇ ತನ್ನ ಕೈಯಲ್ಲಿದೆ ಅನ್ನುವ ಗತ್ತು.

"ನಾನು ಓಟೇ ಹಾಕ್ಲಿಲ್ಲ ಕಣೋ. ಆವತ್ತು ಹೋಗಿ ಐವತ್ತು ಗ್ರಾಂ ಬಿಸ್ಕತ್ತು ತಗೊಂಡೆ. ನನ್ನ ಓಟು ಚಿನ್ನಕ್ಕೆ!"

ಹೆಂಡತಿ ಪಕ್ಕದಲ್ಲೇ ಕೇಳಿಸಿಕೊಂಡಳು. ನನ್ನ ಕಡೆ ಒಂದು ಸಲ ನೋಡಿದಳು. ಅದೇ ಚುಚ್ಚಿತು.

ಮಾರ್ಚ್ 14, ಶುಕ್ರವಾರ

ಹೊರಗಿನಿಂದ ಬರುವ ಸರಕಿಗೆಲ್ಲ ಅಧ್ಯಕ್ಷರು ತೆರಿಗೆ ಜಡಿದರು. ಪಕ್ಕದ ದೇಶದ ಮೇಲೆ ಗುಡುಗಿದರು. ಚಿನ್ನ ಚಂಗನೆ ನೆಗೆಯಿತು.

"ಭಾವನ ತಲೆ ನೋಡಿ. ಮೊದಲೇ ಗೊತ್ತಾಯ್ತು ಅವರಿಗೆ," ಅಂದಳು ಇವಳು.

"ತಲೆಯೂ ಇಲ್ಲ, ಬಾಲವೂ ಇಲ್ಲ. ಅದೃಷ್ಟ."

"ಅದಾದ್ರೂ ಇದೆಯಲ್ಲ."

ಹನ್ನೊಂದು ವರ್ಷದ ಸಂಸಾರ. ನನ್ನ ತಲೆಯನ್ನು ಒಮ್ಮೆ ಹೊಗಳಿದವಳಲ್ಲ. ನಾನು ಗೆಲ್ಲಿಸಿದ ಅಧ್ಯಕ್ಷ, ದುಡಿಯುತ್ತಿರುವುದು ಷಡ್ಡಕನಿಗೆ! ಹೊಟ್ಟೆಕಿಚ್ಚು, ಹೌದು. ಇದನ್ನು ಯಾರು ಓದುತ್ತಾರೆ, ಬರೆದೇಬಿಡುತ್ತೇನೆ... ಊಟ ಸೇರಲಿಲ್ಲ.

ಮಾರ್ಚ್ 16, ಭಾನುವಾರ, ಮಧ್ಯಾಹ್ನ

ಮಾಡಬಾರದ್ದು ಮಾಡಿದೆ.

ರಜೆ. ಬಾಕಿ ಕೆಲಸಕ್ಕೆಂದು ಲ್ಯಾಬಿನಲ್ಲಿ ಒಬ್ಬನೇ ಇದ್ದೆ. ಷಡ್ಡಕ ಬಂದ. ಕರ್ಚೀಫಿನಿಂದ ಬಿಸ್ಕತ್ತು ತೆಗೆದ. ಡ್ರೈವಿಂಗ್ ಕಲಿಯಲು ಬಂದವನೊಬ್ಬನಿಂದ ಬಿಲ್ಲಿಲ್ಲದೆ ಕೊಂಡದ್ದಂತೆ. ರೇಟು ಏರಿದ ಮೇಲೆ ಅನುಮಾನ ಶುರುವಾಗಿದೆ.

"ಮನೇಲಿ ಯಾರಿಗೂ ತೋರಿಸಿಲ್ಲ. ನೀನು ದಿನಾ ಚಿನ್ನ ಮುಟ್ಟೋನು. ನೀನು ಹೇಳಿದ್ರೆ ಮುಗೀತು."

ಒರೆಗಲ್ಲಿಗೆ ಉಜ್ಜಿದೆ. ಆಸಿಡ್ ಬಿಟ್ಟೆ. ಗೆರೆ ಒಂದಿಷ್ಟೂ ಮಾಸಲಿಲ್ಲ. ಅಪ್ಪಟ ಚಿನ್ನ.

ಅವನು ನನ್ನ ಬಾಯಿ ನೋಡುತ್ತ ನಿಂತಿದ್ದ. ಮೊದಲ ಸಲ. ಎಷ್ಟು ಹಿತವಾಯಿತು!

"ನಕಲಿ ಅಣ್ಣ. ಮೇಲೆ ಚಿನ್ನದ ನೀರು, ಒಳಗೆ ಬೇರೇನೋ. ಅಂಗಡಿಗೆ ಮಾತ್ರ ತಗೊಂಡು ಹೋಗ್ಬೇಡಿ. ಬಿಲ್ ಕೇಳ್ತಾರೆ, ಪೊಲೀಸ್ ಅಂತಾರೆ."

ಸ್ಟೂಲಿನ ಮೇಲೆ ಕುಸಿದ. ತಮಾಷೆಗೆ ಅಂದೆ ಅನ್ನಬಹುದಿತ್ತು. ಅನ್ನಲಿಲ್ಲ.

ಮಾರ್ಚ್ 19, ಬುಧವಾರ

ಷಡ್ಡಕ ಎರಡು ದಿನದಿಂದ ಕ್ಲಾಸಿಗೆ ಹೋಗಿಲ್ಲವಂತೆ. "ಮಂಕಾಗಿ ಕೂತಿದ್ದಾರಂತೆ, ಯಾಕೋ," ಅಂದಳು ಇವಳು. ನಾನು ಎರಡು ಸಲ ಬಡಿಸಿಕೊಂಡು ತಿಂದೆ. ನಾಚಿಕೆಯಾಗಬೇಕಿತ್ತು.

ಏಪ್ರಿಲ್ 5, ಶನಿವಾರ

ಮತ್ತೆ ಬಂದಿದ್ದ. ಕೆನ್ನೆ ಒಳಗೆ ಹೋಗಿದೆ. ಬಿಸ್ಕತ್ತನ್ನು ನನ್ನ ಮೇಜಿನ ಮೇಲಿಟ್ಟ.

"ಮನೇಲಿದ್ರೆ ಕಣ್ಣಿಗೆ ಚುಚ್ಚುತ್ತೆ. ನೀನೇ ಇಟ್ಕೋ, ಯಾವುದಕ್ಕಾದ್ರೂ ಬಂದೀತು. ಲಾಕರ್‌ನಲ್ಲಿದೆ ಅಂತ ನನ್ನೋಳಿಗೆ ಹೇಳಿದೀನಿ. ಬೇರೆ ಯಾರಾದ್ರೂ ಆಗಿದ್ರೆ ನಗೋರು. ನೀನು ನಗಲಿಲ್ಲ ಕಣೋ."

ಬಾಯಿ ತೆರೆದೆ. "ಆಗಲಿ ಅಣ್ಣ" — ಅಷ್ಟೇ ಬಂತು.

ಐವತ್ತು ಗ್ರಾಂ. ಈಗ ನಾನೂ ಚಿನ್ನದ ಒಡೆಯ. ಮಾರುವಂತಿಲ್ಲ, ತೋರಿಸುವಂತಿಲ್ಲ. ಬಾಯಲ್ಲಿ ಬಿಸಿತುಪ್ಪ. ಲ್ಯಾಬ್ ಕೋಟಿನ ಜೇಬಿನಲ್ಲೇ ಮನೆಗೆ ಬಂತು. ಸೋಮವಾರ ಹಿಂದಿರುಗಿಸುತ್ತೇನೆ. ನೋಡುವಾಗ ತಪ್ಪಾಯಿತು ಅಂದರಾಯಿತು.

ಏಪ್ರಿಲ್ 8, ಮಂಗಳವಾರ

ಅಧ್ಯಕ್ಷರ ಮತ್ತೊಂದು ಭಾಷಣ. ರೇಟು ಮತ್ತೆ ಮೇಲೆ. ಕೊಟ್ಟಿಲ್ಲ. ಈ ರೇಟಿನಲ್ಲಿ ಹೇಗೆ ಕೊಡಲಿ? ಪುನಃ ಅವನೇ ಗೆದ್ದ ಹಾಗಾಗುತ್ತದೆ.

ಏಪ್ರಿಲ್ 13, ಭಾನುವಾರ, ಬೆಳಿಗ್ಗೆ

ಒಗೆಯಲೆಂದು ಇವಳು ಕೋಟು ತೆಗೆದುಕೊಂಡಳು. ಜೇಬಿಗೆ ಕೈ ಹಾಕಿದಳು. ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ಹೆಗಲಿಗೆ ಹೋಗುವುದೊಂದು ಬಾಕಿ.

ಬಿಸ್ಕತ್ತನ್ನು ಕೆನ್ನೆಗೆ ಒತ್ತಿಕೊಂಡಳು. ಕಣ್ಣಲ್ಲಿ ನೀರು.

"ಗುಟ್ಟಾಗಿ ತಗೊಂಡ್ರಾ? ಬಾಯಲ್ಲಿ ಅಧ್ಯಕ್ಷರ ಭಜನೆ, ಜೇಬಲ್ಲಿ ಚಿನ್ನ! ಭಾವನಿಗಿಂತ ನೀವೇ ಜಾಣ್ರು ಕಣ್ರೀ."

"ಹೂಂ" ಅಂದೆ. ದೇವರೇ, ಅನ್ನಬಾರದಿತ್ತು. ಆದರೆ ಆ ಮುಖ...

ತಡೆಯುವಷ್ಟರಲ್ಲಿ ಅಕ್ಕನಿಗೆ ಫೋನ್ ಮಾಡಿಬಿಟ್ಟಳು. "ಐವತ್ತು ಗ್ರಾಂ ಅಕ್ಕ! ನಿಮ್ದರಷ್ಟೇ!" ಆ ಕಡೆ ಅತ್ತಿಗೆ ಗಂಡನನ್ನು ಕೂಗಿ ಹೇಳಿದ್ದು ಇಲ್ಲಿಗೂ ಕೇಳಿಸಿತು. ಆಮೇಲೆ ಷಡ್ಡಕ ನನ್ನನ್ನು ಕೇಳಿದನಂತೆ. ಇವಳು ನಗುತ್ತ ಫೋನ್ ಕೊಟ್ಟಳು. ಎಲ್ಲ ಗೊತ್ತಾಯಿತು, ಮುಗಿಯಿತು ಅಂದುಕೊಂಡೆ.

ಅವನ ದನಿ ಮೆತ್ತಗಿತ್ತು.

"ನಾದಿನಿಗೆ ಸಂತೋಷ ಆಯ್ತಲ್ಲ, ಸಾಕು. ಹೆದರ್ಬೇಡ. ಅದು ನಕಲಿ ಅಂತ ಸತ್ರೂ ನನ್ನ ಬಾಯಿಂದ ಬರಲ್ಲ."

ಥ್ಯಾಂಕ್ಸ್ ಅಂದೆ. ಥ್ಯಾಂಕ್ಸ್!

ಇವಳು ಕನ್ನಡಿ ಮುಂದೆ ಬಿಸ್ಕತ್ತನ್ನು ಕೊರಳಿಗೆ ಹಿಡಿದು ನೋಡಿಕೊಳ್ಳುತ್ತಿದ್ದಾಳೆ. ಆ ಮನುಷ್ಯ ಅಲ್ಲಿ ಮಂಕಾಗಿ ಕೂತೇ ನನ್ನ ಮಾನ ಕಾಯುತ್ತಿದ್ದಾನೆ. ಥೂ, ಇದರಲ್ಲೂ ಅವನೇ ನನಗಿಂತ —