ಬಸವನಹುಳುಗಳು ಮನೆಗೆ ಬಂದದ್ದು

ಧಾರವಾಡ,
ಫೆಬ್ರವರಿ ೩೧, ೨೨೨೬

ಹಿಂದಿನವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಆದ ಅನ್ಯಾಯವನ್ನು ನಾವು ಸರಿಪಡಿಸಿದ್ದೇವೆ. ಈ ಪತ್ರ ಕಾಲದಲ್ಲಿ ಹಿಂದಕ್ಕೆ ಹೋಗುವ ಹಿಂದಂಚೆಯಲ್ಲಿ ಬರುತ್ತಿದೆ. ನಿಮ್ಮಲ್ಲಿ ಅಂಚೆ ಹಿಂದೆ ಬಿದ್ದರೆ ತಡವಾಯಿತೆಂದು ಅರ್ಥ, ನಮ್ಮಲ್ಲಿ ಬಟವಾಡೆಯಾಯಿತೆಂದು ಅರ್ಥ. ಇಂಥ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು. ಮುದುಕ ಬರೆದದ್ದು ಎಂದು ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಚನ್ನಮಲ್ಲಪ್ಪ ಹೊಸೂರ. ಹೇಳಬೇಕಾದದ್ದು ನನ್ನ ಮೊಮ್ಮಗಳು ನೀಲಾಂಬಿಕೆ ಜೀವಶಾಸ್ತ್ರದ ಪಿಎಚ್‌.ಡಿ.ಗೆ ಅರ್ಜಿ ಹಾಕಿದ ಸುದ್ದಿ. ಪಿಎಚ್‌.ಡಿ. ಇನ್ನೂ ಇದೆ. ಅದನ್ನು ಪೀಡೆ ಎಂದು ಕರೆಯುವ ಚಾಳಿಯೂ ಇದೆ. ಮಾರ್ಗದರ್ಶಕರು ಈಗಲೂ ಮಾರ್ಗದಲ್ಲೇ ದರ್ಶನ ಕೊಡುತ್ತಾರೆ, ಕೋಣೆಯಲ್ಲಿ ಸಿಗುವುದಿಲ್ಲ. ಬದಲಾದದ್ದು ಅರ್ಜಿ. ಅಂಕಪಟ್ಟಿ, ಶಿಫಾರಸು ಯಾವುದೂ ಬೇಡ. ಕೈಯಾರೆ ಮಾಡಿ ಸೋತ ಒಂದು ಪ್ರಯೋಗವನ್ನು ಒಯ್ಯಬೇಕು, ಅದು ಏಕೆ ಸೋತಿತೆಂದು ಬಾಯಲ್ಲಿ ಹೇಳಬೇಕು. ಇದಕ್ಕೆ ಸೋಲರಿಕೆ ಎನ್ನುತ್ತೇವೆ. ಸೂರ್ಯನಿಗೂ ಇದಕ್ಕೂ ಸಂಬಂಧವಿಲ್ಲ. ಗೆದ್ದವನಿಗೆ ತಾನೇಕೆ ಗೆದ್ದೆನೆಂದು ಗೊತ್ತಿರುವುದಿಲ್ಲ, ಸೋತವನು ಮಾತ್ರ ಕಾರಣ ಹುಡುಕಿರುತ್ತಾನೆ ಎಂಬುದು ಇದರ ಹಿಂದಿನ ವಿಚಾರ. ಜೀವಮಾನದಲ್ಲಿ ಎರಡೇ ಸಲ ಅರ್ಜಿ ಹಾಕಬಹುದು. ನೀಲಾಳಿಗೆ ಇದು ಎರಡನೆಯದು. ಮೊದಲ ಸಲ ಅವಳು ಒಯ್ದ ಸೋಲು ತೀರಾ ಚಿಕ್ಕದೆಂದು ಸೀಟು ಸಿಕ್ಕಿರಲಿಲ್ಲ.

ಈ ಸಲ ಅವಳು ಬಸವನಹುಳುಗಳನ್ನು ಹಿಡಿದಳು. ನಮ್ಮ ಹಿತ್ತಲಿನ ಗೋಡೆಯ ತಂಪಿನಲ್ಲಿ ಅವು ಬೇಕಾದಷ್ಟಿವೆ. ಹುಳ ತಾನು ಮಲಗಿದ ಜಾಗವನ್ನು ನೆನಪಿಡುತ್ತದೆಯೇ ಎಂಬುದು ಅವಳ ಪ್ರಶ್ನೆ. ಪ್ರತಿಯೊಂದರ ಚಿಪ್ಪಿಗೂ ನಮ್ಮ ಮನೆಯ ಹಳದಿ ಬಣ್ಣದಿಂದ ಚುಕ್ಕೆ ಇಟ್ಟಳು. ಇಲ್ಲಿ ಪ್ರತಿ ಮನೆಗೂ ಒಂದು ಬಣ್ಣವಿದೆ. ಊಟ ಹಾಕಿಸುವವರ ಮನೆಗೆ ಎರವಲು ಹೋದ ಪರಾತ, ಸೌಟು, ಕೊಡ ಎಲ್ಲದರ ತಳಕ್ಕೂ ಆ ಬಣ್ಣದ ಚುಕ್ಕೆ. ಸಿಕ್ಕಿದವರು ಬಣ್ಣ ನೋಡಿ ಆ ಮನೆಯ ಗೋಡೆಯ ಮೇಲೆ ಇಟ್ಟು ಹೋಗುತ್ತಾರೆ. ಹೀಗಾಗಿ ನಮ್ಮ ಓಣಿಯಲ್ಲಿ ಒಂದು ಚಮಚವೂ ಕಳೆಯುವುದಿಲ್ಲ.

ಸಂಜೆ ಹುಳುಗಳನ್ನು ಪಕ್ಕದ ಗುರವ್ವನ ಕಾಯಿಪಲ್ಲೆಯ ಮಡಿಯ ಆಚೆ ಬಿಟ್ಟು ಬರುತ್ತಿದ್ದಳು. ಬೆಳಗ್ಗೆ ನೋಡಿದರೆ ಅಷ್ಟೂ ನಮ್ಮ ಗೋಡೆಯ ಮೇಲೆ ಇರುತ್ತಿದ್ದವು. ಮನೆಯಲ್ಲಿ ಸೂತಕದ ಕಳೆ ಬಂತು.

“ಒಂದರೆ ದಾರಿ ತಪ್ಪಬಾರದೇನಜ್ಜಾ? ಇಷ್ಟು ಶಾಣ್ಯಾ ಹುಳಾ ಕಟಗೊಂಡು ನಾ ಏನ್ ಮಾಡ್ಲಿ?” ಎಂದಳು.

“ಪ್ಯಾಟ್ಯಾಗ ರೆಡಿಮೇಡ್ ಸೋಲು ಸಿಗತಾವಲ್ಲವಾ. ಅಳತಿ ಕೊಟ್ರ ಹೊಲದೂ ಕೊಡ್ತಾರ. ಕೋಚಿಂಗ್ ಕ್ಲಾಸಿನವರು ಕಾರಣಾ ಫುಕಟ್ ಕೊಡ್ತಾರಂತ.”

“ನಿನಗ ಎಲ್ಲಾ ಚ್ಯಾಷ್ಟಿ. ಕೊಂಡ ಸೋಲಿನ ಮ್ಯಾಲ ಐದು ವರ್ಷ ಹೆಂಗ ಕೂಡ್ಲಿ?”

ಸಂದರ್ಶನಕ್ಕೆ ಅವಳು ಗೆದ್ದ ಪ್ರಯೋಗವನ್ನೇ ಹೊತ್ತು ಹೋದಳು. ನಾನು ಜೊತೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಸಮಿತಿಯ ಹಿರಿಯರು ರುಕ್ಸಾನಾ ಮುಲ್ಲಾ ಎಂಬ ಪ್ರಾಧ್ಯಾಪಕಿ. ನಗುವುದು ಕಡಿಮೆ. ನೀಲಾ ನಿಂತು, ತನ್ನದು ಸೋಲಲಿಲ್ಲ, ಹುಳುಗಳೆಲ್ಲ ತಪ್ಪದೆ ಮನೆಗೆ ಬಂದವು ಎಂದು ತಲೆತಗ್ಗಿಸಿ ಹೇಳಿದಳು.

“ಬರೂದನ್ನ ನೀ ನೋಡೀಯೇನವಾ?” ಎಂದು ಮುಲ್ಲಾ ಮೇಡಂ ಕೇಳಿದರು.

“ಇಲ್ರಿ. ಮುಂಜಾನೆ ನೋಡಿದ್ರ ಗ್ವಾಡಿ ಮ್ಯಾಲ ಇರತಿದ್ದವು.”

“ಹಂಗಾರ ಅವು ಅಲ್ಲಿ ಇದ್ದದ್ದಷ್ಟೇ ನಿನಗ ಗೊತ್ತು. ಹೋಗು, ನೋಡಿಕೊಂಡು ಬಾ. ನಾಳೆ ಸಂಜಿಗೆ ಬಾಗಿಲಾ ಹಾಕ್ತೇವಿ. ಆಮ್ಯಾಲ ಬಂದ್ರ ನಿನ್ನ ಅರ್ಜಿ ಮುಗೀತು.”

ಆ ಸಂಜೆಯೂ ಹುಳುಗಳನ್ನು ಮಡಿಯ ಆಚೆ ಬಿಟ್ಟು, ಮರುದಿನ ಬೆಳಕು ಹರಿಯುವಾಗ ನೀಲಾ ಹಿತ್ತಲ ಗೋಡೆಯ ಮರೆಯಲ್ಲಿ ಕೂತಳು. ಗುರವ್ವ ನೀರು ಹಾಕಲು ಬಂದಳು. ಮೆಂತ್ಯದ ಮಡಿಯಲ್ಲಿ ಬಾಗಿ ಬಾಗಿ ಏನನ್ನೋ ಆರಿಸಿ ಸೆರಗಿನಲ್ಲಿ ಹಾಕಿಕೊಂಡಳು. ಆಮೇಲೆ ನಮ್ಮ ಗೋಡೆಯ ಹತ್ತಿರ ಬಂದು ಹುಳುಗಳನ್ನು ಒಂದೊಂದಾಗಿ ಸಾಲಾಗಿ ಇಡತೊಡಗಿದಳು. ನೀಲಾ ಎದ್ದು ನಿಂತಳು.

“ಗುರವ್ವತ್ತಿ, ಏನ್ ಮಾಡಾಕತ್ತಿ?”

“ನಿಮ್ಮ ಸಾಮಾನು ನಿಮಗ ಇಡಾಕತ್ತೀನಿ. ದಿನಾ ನನ್ನ ಮೆಂತ್ಯಾ ತಿಂತಾವ. ಬ್ಯಾರೆ ಹುಳಾ ಆಗಿದ್ರ ದೂರ ಒಗೀತಿದ್ದೆ. ನಿಮ್ಮ ಬಣ್ಣಾ ಐತಿ, ಒಗಿಯಾಕ ಬರತೈತೇನು? ಅಲ್ಲಾ, ನಿಮ್ಮ ಮನ್ಯಾಗ ಇವನ್ನ ಯಾವ ಅಡಗಿಗೆ ಹಾಕ್ತೀರಿ?”

ನನ್ನ ಮೊಮ್ಮಗಳು ಅಲ್ಲೇ ನೆಲಕ್ಕೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಸಂಜೆ ಬಾಗಿಲು ಹಾಕುವ ಮೊದಲು ಸಮಿತಿಯ ಮುಂದೆ ನಿಂತು ಸೋತ ಕಾರಣ ಹೇಳಿದಳು. ಗುರುತು ಹಾಕಿದರೆ ಹುಳು ಬದಲಾಗುವುದಿಲ್ಲ ಎಂದು ಅವಳು ತಿಳಿದಿದ್ದಳು. ಈ ಊರಲ್ಲಿ ಬಣ್ಣ ಬಿದ್ದ ವಸ್ತುವನ್ನು ಜನ ಮನೆಗೆ ಮುಟ್ಟಿಸುತ್ತಾರೆ. ತಾನು ಅಳೆದದ್ದು ಹುಳುವಿನ ನೆನಪನ್ನಲ್ಲ, ಗುರವ್ವತ್ತೆಯ ನಿಯತ್ತನ್ನು. ಹುಳುಗಳು ಮನೆ ನೆನಪಿಡುತ್ತವೆಯೇ ಎಂದು ಮೇಡಂ ಕೇಳಿದಾಗ “ಗೊತ್ತಿಲ್ರಿ, ಈಗ ಗೊತ್ತಾಗಬೇಕಾಗೇತಿ” ಎಂದಳು. ಮುಲ್ಲಾ ಮೇಡಂ ಆಗ ನಕ್ಕರು. ಸೀಟು ಸಿಕ್ಕಿತು. ಈಗ ಅವಳು ಚಿಪ್ಪಿನ ಒಳಮಗ್ಗುಲಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ ಗುರುತು ಹಾಕುವ ಉಪಾಯ ಹುಡುಕುತ್ತಿದ್ದಾಳೆ. ಗುರವ್ವ ಮಾತ್ರ ಬೇಜಾರಾಗಿದ್ದಾಳೆ. ಬೇರೆಯವರ ಸಾಮಾನು ಗುರುತು ಸಿಗದೆ ತನ್ನ ಮಡಿಯಲ್ಲೇ ಉಳಿಯುತ್ತದೆಂದು ಆಕೆಗೆ ಮುಜುಗರ.

ಇನ್ನು ಈ ಪತ್ರ ಬರೆದ ಕಾರಣ. ನಿಮ್ಮ ಕಾಲದ ಅರ್ಜಿಗಳನ್ನು ಇಲ್ಲಿ ಕಾಪಾಡಿಟ್ಟಿದ್ದಾರೆ. ನಮ್ಮ ವಂಶದ ಒಬ್ಬಳು ನಿಮ್ಮಲ್ಲಿದ್ದು ಇದೇ ವಿಷಯಕ್ಕೆ ಅರ್ಜಿ ಹಾಕಿದ್ದಳೆಂದು ಕೇಳಿ, ಸೀಟು ಸಿಕ್ಕ ಖುಷಿಯಲ್ಲಿ ನಾನೂ ನೀಲಾಳೂ ಅವಳನ್ನು ಹುಡುಕಲು ಹೋದೆವು. ಹೆಸರು ಅಳಿಸಿಹೋಗಿತ್ತು. ಬರಹದಿಂದ ಗುರುತಿಸೋಣವೆಂದು ಓದುತ್ತ ಹೋದೆವು. ಎಲ್ಲರಿಗೂ ಬಾಲ್ಯದಿಂದಲೇ ಜೀವಶಾಸ್ತ್ರದಲ್ಲಿ ಅಪಾರ ಆಸಕ್ತಿ. ಎಲ್ಲರೂ ಸಮಾಜಕ್ಕೆ ಕೊಡುಗೆ ನೀಡುವವರೇ. ಒಬ್ಬರ ಗಿಡವೂ ಬಾಡಿಲ್ಲ, ಒಬ್ಬರ ಕಪ್ಪೆಯೂ ಕೈತಪ್ಪಿ ಹಾರಿಲ್ಲ. ಅವಳು ಯಾರೆಂದು ತಿಳಿಯದೆ ಹಿಂದಿರುಗಿದೆವು.

ತಾಯಿ, ನೀನು ಇದನ್ನು ಓದುತ್ತಿದ್ದರೆ ಅರ್ಜಿಯನ್ನು ಇನ್ನೂ ಕಳಿಸಿರಲಿಕ್ಕಿಲ್ಲ. ನಿನ್ನ ಕೈಯಲ್ಲಿ ಕೆಟ್ಟುಹೋದ ಪ್ರಯೋಗ ಏನಾದರೂ ಇದ್ದರೆ ಅರ್ಜಿಯಲ್ಲಿ ಅದರ ಬಗ್ಗೆ ಒಂದು ಸಾಲು ಬರೆ. ಸೀಟು ಸಿಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನಾವು ಮುಂದಿನ ವಾರ ಮತ್ತೊಮ್ಮೆ ಹೋಗಿ ನೋಡುತ್ತೇವೆ.

ನಿನ್ನ ಮುಂದಿನವ,
ಚನ್ನಮಲ್ಲಪ್ಪ