ಮೇಣದ ವಾಸನೆ

ಅಣ್ಣನಿಗೆ,

ನಿನ್ನ ಗುಜರಿ ಅಂಗಡಿಯ ಹಿಂದೆ ಅಮ್ಮ ಮಲಗುವ ಕೋಣೆಯಿಂದ ತಂದ ಅವಳ ಕಂಬಳಿ ಒಗೆದಿದ್ದೇನೆ. ಎಷ್ಟು ಸಲ ನೀರು ಬದಲಿಸಿದರೂ ಮಸಿ ಬಿಡುತ್ತಲೇ ಇತ್ತು. ಆರಿಸಿದ ಮೇಣದಬತ್ತಿಯಂಥ ವಾಸನೆ ಬೇರೆ. ಹಳೇ ಕೇಬಲ್ ಸುಟ್ಟರೆ ಮೂಗು ಉರಿಯುತ್ತದೆ. ಸುಟ್ಟಾಗ ಹೀಗೆ ಮೇಣದಂತೆ ನಾರುವುದು ನಮ್ಮ ಕಂಪನಿಯ ಹೊಸ ಕೇಬಲ್ಲು.

ಅದರ ಪ್ಲಾಸ್ಟಿಕ್ ಸುಲಿದು ಕರಗಿಸಿದರೆ ಮತ್ತೆ ಕೇಬಲ್ಲೇ ಆಗುತ್ತದೆ ಎಂದು ನಿನಗೆ ಬಿಡಿಸಿ ಹೇಳಿದ್ದೆ. "ನಿನ್ನ ಕೆಲಸ ಅಂದ್ಮೇಲೆ ಒಂದು ತುಂಡೂ ಸುಡಲ್ಲ ಕಣೇ" ಅಂದವನು ನೀನು. ಆ ಕೇಬಲ್ಲಿನ ಹುಟ್ಟಿನಿಂದ ಸಾವಿನವರೆಗೆ ಪರಿಸರಕ್ಕಾಗುವ ಹಾನಿಯನ್ನು ಲೆಕ್ಕ ಹಾಕುವವಳು ನಾನು. ನಿನ್ನ ಮಾತು ನಂಬಿ, ಕಂಪನಿಯ ವರದಿಯಲ್ಲಿ ಕೊನೆಯ ಹಂತಕ್ಕೆ 'ಹೊಗೆ ಇಲ್ಲ' ಎಂದು ಬರೆದೆ. ನೀನು ತಾಮ್ರ ಬೇಗ ಕೈಗೆ ಬರಲೆಂದು ಬೆಂಕಿ ಇಟ್ಟೆ.

ನಾಳೆ ಆ ಸಾಲು ತಿದ್ದುತ್ತೇನೆ. ನನ್ನ ಮರ್ಯಾದೆ ಹೋದರೆ ಹೋಗಲಿ. ಆದರೆ ಅಮ್ಮನ ಕೆಮ್ಮಿಗೆ "ವಯಸ್ಸಾಯ್ತಲ್ಲ" ಅಂದುಬಿಟ್ಟೆಯಲ್ಲ, ಅಣ್ಣಾ!

ಭಾನುವಾರ ಅವಳನ್ನು ಇಲ್ಲಿಗೆ ಕರೆತಂದು ಬಿಡು. ನಿಜ ಹೇಳಿದರೆ ನಿನ್ನನ್ನು ಬಿಟ್ಟುಕೊಡದೆ ಅಲ್ಲೇ ಕೂತುಬಿಡುತ್ತಾಳೆ. ನನಗೆ ಹುಷಾರಿಲ್ಲ ಅಂತ ಸುಳ್ಳು ಹೇಳು. ನೀನು ಹೇಳಿದರೆ ನಂಬುತ್ತಾಳೆ. ನಾನೂ ನಂಬಿದ್ದೆ.

ನಿನ್ನ ತಂಗಿ