ಅಮ್ಮನ ನೇಜಿ ಹಾಡಿನ ನಾಲ್ಕು ಸಾಲು

ರುಸೈಲ್, ಒಮಾನ್
೧೪-೨-೧೯೮೮

ಸುಂದರಿಯಕ್ಕನಿಗೆ ತಮ್ಮ ಕೊಗ್ಗನ ವಂದನೆ.

ನಮ್ಮ ಫ್ಯಾಕ್ಟರಿಯಲ್ಲಿ ಯಂತ್ರ ಜೋಡಿಸಲು ಇಟಲಿಯಿಂದ ಪಿಯೆತ್ರೊ ಎಂಬ ಹಿರಿಯರು ಬಂದಿದ್ದಾರೆ. ನಿನ್ನೆ ಕೆಲಸದ ನಡುವೆ ನಾನು ಗದ್ದೆಯಲ್ಲಿ ನಾಟಿ ಮಾಡುವಾಗ ಅಮ್ಮ ಹಾಡುತ್ತಿದ್ದ ತುಳು ನೇಜಿ ಹಾಡು ಗುನುಗುತ್ತಿದ್ದೆ. ಅವರು ತಮ್ಮ ಹರುಕು ಇಂಗ್ಲಿಷಿನಲ್ಲಿ, "ಇದನ್ನು ಬರೆದಿಟ್ಟಿದ್ದೀಯಾ?" ಎಂದು ಕೇಳಿದರು.

"ಇಲ್ಲ ಸರ್, ತುಳು ಮನೆಯಲ್ಲಿ ಮಾತಾಡ್ಲಿಕ್ಕೆ ಮಾತ್ರ, ಬರೀಲಿಕ್ಕಲ್ಲ" ಎಂದೆ.

ಅವರು ನಕ್ಕರು. "ನೂರಾರು ವರ್ಷದ ಹಿಂದೆ ನಮ್ಮ ಇಟಾಲಿಯನ್ ಭಾಷೆಗೂ ಹೀಗೇ ಹೇಳ್ತಿದ್ರು. ಓದಿದವರೆಲ್ಲ ಲ್ಯಾಟಿನ್‌ನಲ್ಲೇ ಬರೀತಿದ್ರು. ಆಮೇಲೆ ಕೆಲವರು ಧೈರ್ಯ ಮಾಡಿ ಮನೆಮಾತಲ್ಲೇ ಪದ್ಯ ಕಟ್ಟಿದ್ರು. ಫ್ರಾನ್ಸ್, ಸ್ಪೇನ್‌ನಲ್ಲೂ ಹಾಗೇ ಆದದ್ದು" ಎಂದು ಕಾಗದ, ಪೆನ್ನು ಮುಂದಿಟ್ಟರು.

ಕನ್ನಡ ಅಕ್ಷರದಲ್ಲಿ ನಾಲ್ಕು ಸಾಲು ಬರೆದೆ. ಐದನೆಯದು ಏನು ಮಾಡಿದರೂ ನೆನಪಾಗಲಿಲ್ಲ. ಹೆದರಿಕೆಯಾಯಿತು ಅಕ್ಕ. ಅಮ್ಮನಿಗೂ ಈಗೀಗ ಮರೆವು ಎಂದು ನೀನೇ ಬರೆದಿದ್ದೆ. ಅವರ ಹತ್ತಿರ ಕೂತು ಹಾಡಿಸು, ನಗಾಡಿದರೂ ಬಿಡದೆ ಪೂರ್ತಿ ಬರೆದುಕೋ.

ನನ್ನ ಕೆಮ್ಮು ವಾಸಿಯಾಗಿದೆ. ಅಮ್ಮನ ಗಂಟುನೋವಿಗೆ ಎಣ್ಣೆಯನ್ನು ಊರಿಗೆ ಬರುವ ಉಸ್ಮಾನ್ ಬ್ಯಾರಿಯವರ ಕೈಯಲ್ಲಿ ಕೊಟ್ಟಿದ್ದೇನೆ.

ಕಾರ್ಡಿನಲ್ಲಿ ಇನ್ನು ಜಾಗವಿಲ್ಲ. ಚಿಕ್ಕಂದಿನಲ್ಲಿ ಕೈ ಹಿಡಿದು ನನಗೆ ಅಕ್ಷರ ತಿದ್ದಿಸಿದವಳು ನೀನು. ನಿನ್ನೆ ಬರೆಯುವಾಗ ಕೈ ನಿನ್ನದೇ ಅನಿಸಿತು.

ಕೊಗ್ಗ